ಅಮ್ಮನ ಹೆಸರಿನಲ್ಲಿ ಕೇಳಿದ ಓಟು

ಓಸ್ಟ್ರಿಮ್, ದಕ್ಷಿಣ ಡಕೋಟ
14 ಮಾರ್ಚ್ 1996

ಪ್ರೀತಿಯ ಸಿಗ್ನಿ ಅಕ್ಕ,

ಮೊದಲು ಕೂತುಕೋ. ಆಮೇಲೆ ನಗಬೇಕೆನಿಸಿದರೆ ನಗು. ನಿನ್ನ ತಮ್ಮ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಿದ್ದಾನೆ.

ಕಳೆದ ಶನಿವಾರ ನಮ್ಮ ಪ್ರೇರಿ ಪಕ್ಷದ ಮಹಾಸಭೆ ಇಲ್ಲಿನ ಹೈಸ್ಕೂಲಿನ ಆಟದ ಹಾಲಿನಲ್ಲಿ ನಡೆಯಿತು. ಮಹಾಸಭೆ ಎಂದರೆ ನೂರಾ ಎಂಬತ್ತು ಜನ, ಎರಡು ದೊಡ್ಡ ಪಾತ್ರೆ ಕಾಫಿ, ಹೆಂಗಸರು ಮನೆಯಿಂದ ಮಾಡಿ ತಂದ ಮಾಂಸ-ಆಲೂಗೆಡ್ಡೆಯ ಹಾಟ್‌ಡಿಷ್. ಬೇರೆ ಯಾರೂ ಸಿಗಲಿಲ್ಲವೋ ಏನೋ, ನನ್ನ ಹೆಸರು ಹೇಳಿದರು. ಒಂದೇ ಒಂದು ಅವಧಿ ರಾಜ್ಯದ ಶಾಸಕನಾಗಿದ್ದವನು, ಮೂವತ್ತು ವರ್ಷ ಬಿತ್ತನೆ ಬೀಜ ಮಾರಿದವನು ನಾನು. ಗೆಲ್ಲುವುದಿಲ್ಲ ಎಂಬುದು ನನಗೂ ಗೊತ್ತು. ನಾಲ್ಕು ರಾಜ್ಯಗಳ ಮತಪತ್ರದ ಮೇಲೆ ಹೆಸರು ಬಂದರೆ ಅದೇ ದೊಡ್ಡದು. ಆದರೆ ಎರಡು ದೊಡ್ಡ ಪಕ್ಷಗಳೂ ಬಾಯಿ ಬಿಡದ ಮಾತೊಂದನ್ನು ಯಾರಾದರೂ ಹೇಳಬೇಕು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಹೀಗೇ ನಡೆಯಲಾರದು. ದುಡಿಯುವ ಹುಡುಗರ ಸಂಬಳದಲ್ಲಿ ಮುರಿದುಕೊಂಡು ಮುದುಕರಿಗೂ ವಿಧವೆಯರಿಗೂ ಹಂಚುವುದು ಇನ್ನೆಷ್ಟು ದಿನ? ಇಪ್ಪತ್ತು ವರ್ಷದಲ್ಲಿ ಅದನ್ನು ಮೆಲ್ಲಗೆ ಮುಚ್ಚೋಣ. ಅವರವರ ದುಡಿಮೆ ಅವರವರ ಕೈಯಲ್ಲೇ ಇರಲಿ, ಕೈಲಾಗದವರನ್ನು ಮನೆಯವರೂ ಚರ್ಚಿನವರೂ ನೋಡಿಕೊಳ್ಳಲಿ. ಇಷ್ಟೇ ನಮ್ಮ ಮಾತು.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ನಾನು ಅಮ್ಮನ ಕಥೆ ಹೇಳುತ್ತೇನೆ. ಇಟ್ಟಿಗೆ ಕಾರ್ಖಾನೆಯ ಗೋಡೆ ಬಿದ್ದು ಅಪ್ಪ ಸತ್ತಾಗ ನನಗೆ ಏಳು, ನಿನಗೆ ಹನ್ನೆರಡು. ಅಮ್ಮ ಸರ್ಕಾರದ ಒಂದು ಕಾಸನ್ನೂ ಮುಟ್ಟದೆ ಹೊಲಿಗೆ ಮಷೀನಿನ ಮುಂದೆ ಕೂತು ನಮ್ಮಿಬ್ಬರನ್ನು ಸಾಕಿದಳು. ಶನಿವಾರ ಇದನ್ನು ಹೇಳಿದಾಗ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು.

ಅಮ್ಮ ಮಷೀನಿನ ಮುಂದೆ ಕೂತಿರುವ ಫೋಟೋ ನಿನ್ನ ಹತ್ತಿರ ಇದೆಯಲ್ಲ, ಕಳಿಸು. ಕರಪತ್ರದಲ್ಲಿ ಹಾಕಬೇಕು. ಆರ್ವಿಡ್ ಭಾವನ ಉಸಿರಾಟ ಹೇಗಿದೆ?

ನಿನ್ನ ತಮ್ಮ,
ಹಾಲ್ವರ್


ಲಿಂಡ್‌ಹೋಮ್, ಮಿನೆಸೋಟ
2 ಏಪ್ರಿಲ್ 1996

ತಮ್ಮಾ ಹಾಲ್ವರ್,

ನಿನ್ನ ಕಾಗದವನ್ನು ಆರ್ವಿಡ್‌ಗೆ ಓದಿ ಹೇಳಿದೆ. ಮೂಗಿಗೆ ಸಿಕ್ಕಿಸಿದ ಆಮ್ಲಜನಕದ ಕೊಳವೆ ಸಮೇತ ನಕ್ಕ. ಆಮೇಲೆ ಹತ್ತು ನಿಮಿಷ ಕೆಮ್ಮಿದ. "ಅಧ್ಯಕ್ಷರ ಭಾವ ಅಂದ್ರೆ ನಂಗೂ ಒಂದು ಕರೀ ಕಾರು ಕಳಿಸ್ತಾರೇನೇ?" ಎಂದು ಕೇಳಿದ. ಇಪ್ಪತ್ತೊಂಬತ್ತು ವರ್ಷ ಟರ್ಕಿ ಕೋಳಿ ಕಾರ್ಖಾನೆಯ ಧೂಳು ಕುಡಿದ ಎದೆ ಅದು. ಈಗ ಅಡುಗೆಮನೆಯಿಂದ ಕಿಟಕಿಯವರೆಗೆ ನಡೆಯುವುದೇ ಅವನಿಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದ ಹಾಗೆ.

ನಾವಿಬ್ಬರೂ ಈಗ ಬದುಕಿರುವುದು ನೀನು ಮುಚ್ಚಬೇಕೆನ್ನುವ ಆ ಪಿಂಚಣಿಯ ಮೇಲೇ. ಅದು ನಿನಗೆ ಗೊತ್ತೇ ಇದೆ. ಅದಕ್ಕಾಗಿ ನಿನ್ನ ಮೇಲೆ ಕೋಪವಿಲ್ಲ. ನಿನಗೆ ಸರಿ ಕಂಡದ್ದನ್ನು ನೀನು ಹೇಳು, ಊರೂರು ತಿರುಗಿ ಹೇಳು. ಬೆಚ್ಚಗಿನ ಕೋಟು ಹಾಕಿಕೊಂಡು ಹೇಳು.

ಫೋಟೋ ಹುಡುಕಿದೆ. ಸಿಕ್ಕಿತು. ಆದರೆ ಕಳಿಸುತ್ತಿಲ್ಲ. ಬೇರೆ ಏನು ಬೇಕಾದರೂ ಹೇಳಿಕೋ ಹಾಲ್ವರ್, ಅಮ್ಮನನ್ನು ಬಿಟ್ಟುಬಿಡು. ಯಾಕೆ ಎಂದು ಕೇಳಬೇಡ.

ನಿನ್ನ ಅಕ್ಕ,
ಸಿಗ್ನಿ


ಓಸ್ಟ್ರಿಮ್
19 ಜೂನ್ 1996

ಅಕ್ಕ,

ಫೋಟೋ ಇಲ್ಲದೆಯೇ ಕರಪತ್ರ ಅಚ್ಚಾಯಿತು. ಹೊಲಿಗೆ ಮಷೀನಿನ ಒಂದು ಚಿತ್ರ ಬರೆಸಿ ಹಾಕಿದೆವು. ಜನ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತಿದ್ದಾರಂತೆ.

ಮತಪತ್ರಕ್ಕೆ ಹೆಸರು ಬರಬೇಕಾದರೆ ಸಾವಿರಗಟ್ಟಲೆ ಸಹಿ ಬೇಕು. ದನದ ಸಂತೆ, ದಿನಸಿ ಅಂಗಡಿ, ಚರ್ಚಿನ ಅಂಗಳ, ಎಲ್ಲ ಕಡೆ ಮೇಜು ಹಾಕಿ ಕೂರುತ್ತಿದ್ದೇನೆ. ಕಳೆದ ವಾರ ಪಕ್ಕದ ಕೌಂಟಿಯಲ್ಲಿ ಲವೋನ್ ಎಂಬ ಹೆಂಗಸು ಬಂದಳು. ಗಂಡ ಲಾರಿ ರಿಪೇರಿ ಮಾಡುತ್ತಿದ್ದನಂತೆ, ಚಳಿಗಾಲದಲ್ಲಿ ತೀರಿಕೊಂಡ. ಅವಳಿಗೆ ಆಗಷ್ಟೇ ಅರವತ್ತು ತುಂಬಿತ್ತು. ಕೈಯಲ್ಲಿ ವಿಧವೆಯರ ಪಿಂಚಣಿಯ ಅರ್ಜಿ ಇತ್ತು. "ನಾನು ಅರ್ಜಿ ಹಾಕೋಣ ಅಂತಿದೀನಿ. ನೀವು ನೋಡಿದ್ರೆ ಅದನ್ನೇ ಮುಚ್ತೀನಿ ಅಂತೀರಿ. ನಾನೇನ್ ಮಾಡ್ಲಿ ಹೇಳಿ" ಎಂದು ಎಲ್ಲರೆದುರು ಕೇಳಿದಳು. ನಾನು ಅಮ್ಮನ ಕಥೆ ಹೇಳಿದೆ. ಅವಳ ಮುಖ ಕೆಂಪಾಯಿತು. ತಲೆ ತಗ್ಗಿಸಿದಳು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿ, ನನ್ನ ಹಾಳೆಯ ಮೇಲೆ ಸಹಿ ಹಾಕಿ ಹೋದಳು. ನೋಡು, ಒಂದು ನಿಜವಾದ ಕಥೆಗೆ ಎಂಥ ಶಕ್ತಿ!

ಅಮ್ಮನನ್ನು ಬಿಟ್ಟುಬಿಡು ಎಂದಿದ್ದೀಯ. ಬೇಸರವಾಯಿತು. ಅವಳು ನನಗೂ ಅಮ್ಮನೇ. ಅವಳ ಮಾತು ಮೀರಿ ಹೆಪ್ಪುಗಟ್ಟಿದ ಕೆರೆಗೆ ಜಾರಾಟಕ್ಕೆ ಹೋಗಿ ಎರಡು ಕಾಲ್ಬೆರಳು ಕಳೆದುಕೊಂಡವಳು ನೀನು. ಅವಳ ಮರ್ಯಾದೆ ಹೇಗೆ ಕಾಯಬೇಕೆಂದು ನೀನು ನನಗೆ ಹೇಳಿಕೊಡುವುದು ತಮಾಷೆಯೇ ಸರಿ. ಇದನ್ನು ನಗುತ್ತಲೇ ಬರೆದಿದ್ದೇನೆ, ಸಿಟ್ಟಾಗಬೇಡ.

ಹಾಲ್ವರ್


ಲಿಂಡ್‌ಹೋಮ್
8 ಜುಲೈ 1996

ಹಾಲ್ವರ್,

ಕಾಲ್ಬೆರಳಿನ ಮಾತನ್ನು ಐವತ್ತು ವರ್ಷದಿಂದ ಕೇಳಿದ್ದೇನೆ, ಇನ್ನೊಂದು ಸಲ ಕೇಳಬಲ್ಲೆ. ನೀನು ಆ ಲವೋನ್ ತಲೆ ತಗ್ಗಿಸಿದ್ದನ್ನು ಬರೆಯದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಎರಡು ವಾರ ತಡೆದೆ. ಇನ್ನು ಆಗುವುದಿಲ್ಲ.

ಅಮ್ಮ ಸೋಷಿಯಲ್ ಸೆಕ್ಯುರಿಟಿ ತೆಗೆದುಕೊಂಡಳು. ಅಪ್ಪ ಸತ್ತ ವರ್ಷದಿಂದ ನಿನಗೆ ಹದಿನೆಂಟು ತುಂಬುವವರೆಗೆ, ಪ್ರತಿ ತಿಂಗಳು. ಅಪ್ಪನ ಸಂಬಳದಲ್ಲಿ ಮುರಿದುಕೊಂಡದ್ದಕ್ಕೇ ಅದು ಬರುತ್ತಿದ್ದದ್ದು. ಆದರೆ ಅಮ್ಮನಿಗೆ ಅದು ಭಿಕ್ಷೆಯ ಹಾಗೆಯೇ ಕಂಡಿತು. ಅಂಗಡಿಯಲ್ಲಿ ಇನ್ನೊಬ್ಬ ವಿಧವೆಯನ್ನು ಯಾರೋ "ಹಂಗಿನ ಬ್ರೆಡ್ಡು ತಿನ್ನೋಳು" ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ನಮ್ಮೂರಿನ ಪೋಸ್ಟಿಗೆ ಚೆಕ್ಕು ಬಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಆರು ಮೈಲಿ ಆಚೆಯ ವೆಲ್ಡನ್ ಪೋಸ್ಟಾಫೀಸಿಗೆ ಬರುವ ಹಾಗೆ ಮಾಡಿಸಿದಳು. ತರಲು ಹೋಗುತ್ತಿದ್ದವಳು ನಾನು. ತಿಂಗಳಿಗೊಂದು ದಿನ ಶಾಲೆ ಬಿಟ್ಟು, ಹಾಲಿನ ಲಾರಿ ಹತ್ತಿ. ಹೊಲಿದ ಬಟ್ಟೆ ಕೊಟ್ಟು ಬರಲು ಹೋಗುತ್ತಾಳೆ ಎಂದು ನಿನಗೆ ಹೇಳಿದ್ದರು. "ಅವಳನ್ನ ಮಾತ್ರ ಪೇಟೆಗೆ ಕಳಿಸ್ತೀಯ, ನನ್ನನ್ನ ಕಳಿಸಲ್ಲ" ಎಂದು ನೀನು ಬಾಗಿಲ ಹತ್ತಿರ ಕೂತು ಅಳುತ್ತಿದ್ದೆ. ನೆನಪಿದೆಯೇ?

ನಲವತ್ತಮೂರರ ಜನವರಿಯಲ್ಲಿ ವಾಪಸು ಬರುವಾಗ ಲಾರಿ ಬರಲಿಲ್ಲ. ಹಿಮ ಬೀಳುತ್ತಿತ್ತು. ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಆರು ಮೈಲಿ ನಡೆದೆ. ಚಳಿಗೆ ಮರಗಟ್ಟಿ ಬೆರಳು ಹೋದದ್ದು ಆವತ್ತು. ಎಲ್ಲಿ ಹೋಗಿದ್ದಳು ಎಂದು ಡಾಕ್ಟರು ಕೇಳಿದಾಗ ಅಮ್ಮ ನನ್ನ ಮುಖ ನೋಡದೆ, "ಜಾರಾಟಕ್ಕೆ. ಹೇಳಿದ ಮಾತು ಕೇಳಲ್ಲ" ಎಂದಳು. ನಾನು ಹೌದು ಎಂದೆ. ಭಾನುವಾರ ಪಾದ್ರಿಗಳು ತಂದೆತಾಯಿಯ ಮಾತು ಮೀರುವವರ ಬಗ್ಗೆ ಉಪದೇಶ ಮಾಡಿದರು. ಶಾಲೆಯಲ್ಲಿ ನನ್ನನ್ನು ಕುಂಟಿ ಸಿಗ್ನಿ ಎಂದು ಕರೆದರು. ನೀನೂ ಕರೆದೆ.

ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. ಕ್ಷಮಿಸು ಎನ್ನುತ್ತಾಳೇನೋ ಎಂದು ಕಾದೆ. "ಹಾಲ್ವರ್‌ಗೆ ಹೇಳ್ಬೇಡ. ಅವನು ತಲೆ ಎತ್ತಿ ನಡೀತಾನೆ. ನಡೀಲಿ" ಎಂದಳು. ಅಷ್ಟೇ.

ನಿನ್ನನ್ನು ತಡೆಯಲೆಂದು ಇದನ್ನು ಬರೆಯುತ್ತಿಲ್ಲ. ಅದನ್ನು ಮುಚ್ಚಬೇಕೆಂದು ನಿನಗೆ ಅನ್ನಿಸಿದರೆ ಹಾಗೇ ಹೇಳು. ಆದರೆ ಅಮ್ಮ ಮುಟ್ಟಲಿಲ್ಲ ಎಂದು ಮಾತ್ರ ಹೇಳಬೇಡ.

ಸಿಗ್ನಿ


ಓಸ್ಟ್ರಿಮ್
1 ಆಗಸ್ಟ್ 1996

ಸಿಗ್ನಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಾನು ನಂಬುವುದಿಲ್ಲ. ನೀನು ಸುಳ್ಳು ಹೇಳುತ್ತಿದ್ದೀಯ ಎನ್ನುತ್ತಿಲ್ಲ. ವಯಸ್ಸಾಗಿದೆ, ಮನೆಯಲ್ಲಿ ಕಾಯಿಲೆ ಇದೆ, ನೆನಪುಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಆರ್ವಿಡ್ ಭಾವ ಮೊದಲಿನಿಂದಲೂ ಯೂನಿಯನ್ನಿನ ಮನುಷ್ಯ, ಇದರಲ್ಲಿ ಯಾರ ಮಾತು ಎಷ್ಟಿದೆಯೋ.

ಅಮ್ಮ ತೀರಿಕೊಂಡು ಹದಿನೇಳು ವರ್ಷವಾಯಿತು. ಎದ್ದು ಬಂದು ಇಲ್ಲ ಎನ್ನಲಾರಳು. ಚುನಾವಣೆ ಮುಗಿಯುವವರೆಗೆ ಈ ಮಾತು ಬೇಡ. ಪತ್ರಿಕೆಯವರು ನಿನ್ನ ಮನೆಗೆ ಬಂದರೆ ದಯವಿಟ್ಟು ಏನೂ ಹೇಳಬೇಡ.

ಹಾಲ್ವರ್


ಲಿಂಡ್‌ಹೋಮ್
24 ಸೆಪ್ಟೆಂಬರ್ 1996

ಹಾಲ್ವರ್,

ನೀನು ಕಳಿಸಿದ ಹೂವಿನ ಚಕ್ರ ಬಂತು. ದೊಡ್ಡದಾಗಿತ್ತು. ರಿಬ್ಬನ್ನಿನ ಮೇಲೆ ಪ್ರೇರಿ ಪಕ್ಷ ಎಂದಿತ್ತು. ನಿನ್ನ ಆಫೀಸಿನವರು ಕಳಿಸಿರಬೇಕು, ನೀನು ನೋಡಿರಲಾರೆ ಎಂದುಕೊಂಡೆ. ರಿಬ್ಬನ್ ಬಿಚ್ಚಿ ಹೂವನ್ನು ಮಾತ್ರ ಆರ್ವಿಡ್‌ನ ಕಾಲ ಬಳಿ ಇಟ್ಟೆ. ಮಣ್ಣು ಮಾಡುವ ದಿನ ನೀನು ನೆಬ್ರಾಸ್ಕದಲ್ಲಿ ಭಾಷಣ ಮಾಡುತ್ತಿದ್ದೆಯಂತೆ. ರೇಡಿಯೋದಲ್ಲಿ ಹೇಳಿದರು.

ಕೊನೆಯ ವಾರ ಅವನು ಕಿಟಕಿಯ ಹತ್ತಿರ ಮಂಚ ಹಾಕಿಸಿಕೊಂಡಿದ್ದ. ಟಿವಿಯಲ್ಲಿ ನೀನು ಬಂದಾಗ ನಾನು ಆರಿಸಲು ಎದ್ದೆ. "ಇರ್ಲಿ ಬಿಡೇ. ಚೆನ್ನಾಗ್ ಮಾತಾಡ್ತಾನೆ ನಿನ್ ತಮ್ಮ. ನಂಗೂ ಓಟು ಹಾಕ್ಬೇಕು ಅನ್ಸುತ್ತೆ, ಆದ್ರೆ ಉಸಿರಾಡೋದೂ ಬೇಕಲ್ಲ" ಎಂದ. ಅದು ಅವನ ಕೊನೆಯ ತಮಾಷೆ. ನಿನ್ನ ಆಗಸ್ಟ್ ತಿಂಗಳ ಕಾಗದವನ್ನು ನಾನು ಅವನಿಗೆ ಓದಿ ಹೇಳಿರಲಿಲ್ಲ. ನಾನು ನಿನಗೆ ಏನು ಬರೆದೆನೆಂಬುದೂ ಅವನಿಗೆ ಗೊತ್ತಿರಲಿಲ್ಲ. ಜಾರಾಟಕ್ಕೆ ಹೋಗಿ ಬೆರಳು ಕಳೆದುಕೊಂಡೆ ಎಂದೇ ನಂಬಿಕೊಂಡು ಸತ್ತ. ನಲವತ್ತಾರು ವರ್ಷದ ಗಂಡ.

ಪತ್ರಿಕೆಯ ಹುಡುಗಿಯೊಬ್ಬಳು ಬಂದಿದ್ದಳು. "ನಿಮ್ಮ ತಾಯಿ ಹೇಗಿದ್ರು?" ಎಂದು ಕೇಳಿದಳು. "ಚೆನ್ನಾಗಿ ಹೊಲೀತಿದ್ರು" ಎಂದೆ. ಕಾಫಿ ಕೊಟ್ಟು ಕಳಿಸಿದೆ.

ಸಿಗ್ನಿ


ಓಸ್ಟ್ರಿಮ್
12 ಅಕ್ಟೋಬರ್ 1996

ಅಕ್ಕ,

ಎರಡು ಸಲ ಫೋನ್ ಮಾಡಿದೆ. ನೀನು ಹಲೋ ಎಂದಾಗ ಇಟ್ಟುಬಿಟ್ಟೆ. ರಿಬ್ಬನ್ನಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ಎಷ್ಟು ದುರ್ಬಲವಾದ ಮಾತು ಎಂದು ಬರೆಯುವಾಗಲೇ ಅನ್ನಿಸುತ್ತಿದೆ. ಭಾಷಣ ರದ್ದು ಮಾಡಬಹುದಿತ್ತು. ಇನ್ನೂರು ಜನ ಕಾಯುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಿನ್ನ ಎದುರು ನಿಲ್ಲಲು ಹೆದರಿದೆ.

ಸೋಮವಾರ ವೆಲ್ಡನ್‌ಗೆ ಹೋಗಿದ್ದೆ. ಆಗಿನ ಪೋಸ್ಟ್‌ಮಾಸ್ತರಮ್ಮ ಮಿಸೆಸ್ ಗಾರ್ನೆಸ್ ಇನ್ನೂ ಇದ್ದಾರೆ. ತೊಂಬತ್ತೊಂದು ವರ್ಷ, ಅಲ್ಲಿನ ವೃದ್ಧಾಶ್ರಮದಲ್ಲಿ. ನಾನು ಅಮ್ಮನ ಹೆಸರು ಹೇಳಿದೆ, ಬೇರೆ ಏನನ್ನೂ ಕೇಳಲಿಲ್ಲ. ಅವರೇ ಶುರು ಮಾಡಿದರು:

"ಹೊಲಿಗೆಯಮ್ಮನ ಮಗನಾ ನೀನು? ನಿಂಗೊಬ್ಬಳು ಅಕ್ಕ ಇದ್ಲಲ್ಲ. ತಿಂಗಳಿಗೊಂದ್ಸಲ ಲಕೋಟೆ ಇಸ್ಕೊಳ್ಳೋಕೆ ಬರೋಳು. ಒಲೆ ಹತ್ರ ಬಾ ಮರಿ ಅಂದ್ರೂ ಬರ್ತಿರ್ಲಿಲ್ಲ. ಅಲ್ಲಿ ಕೂತಿರೋರು ಯಾಕೆ ಬಂದೆ ಅಂತ ಕೇಳ್ತಾರಲ್ಲ, ಅದಕ್ಕೆ. ಬಾಗ್ಲ ಪಕ್ಕ ನಿಂತು ಕಾಲು ಕುಟ್ಕೊಳ್ತಾ ಇರೋಳು. ಅದು ಭಿಕ್ಷೆ ಅಲ್ಲಮ್ಮ, ನಿಮ್ಮಪ್ಪನ ದುಡಿಮೆದು ಅಂತ ನಾನು ಎಷ್ಟು ಸಲ ಹೇಳಿದೀನಿ. ಕಾಲು ಹೆಂಗಿದೆ ಈಗ ಅವಳದು?"

ನಿನ್ನ ಕಾಲು ಹೇಗಿದೆ ಎಂದು ನಾನು ಯಾವತ್ತೂ ಕೇಳಿದವನಲ್ಲ.

ಬರುವ ಗುರುವಾರ ಇಲ್ಲಿನ ಕಾಲೇಜಿನಲ್ಲಿ ಸಣ್ಣ ಪಕ್ಷಗಳ ಐವರು ಅಭ್ಯರ್ಥಿಗಳ ಚರ್ಚೆ ಇದೆ. ಟಿವಿಯಲ್ಲೂ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿಯ ಪ್ರಶ್ನೆ ಬಂದೇ ಬರುತ್ತದೆ. ನಿಜ ಹೇಳಿಬಿಡಲೇ? ಅಮ್ಮ ನಿನ್ನಿಂದ ಮಾತು ತೆಗೆದುಕೊಂಡಿದ್ದಳು. ನೀನು ಹೂಂ ಎಂದರೆ ಮಾತ್ರ ಹೇಳುತ್ತೇನೆ.

ಹಾಲ್ವರ್


ಲಿಂಡ್‌ಹೋಮ್
19 ಅಕ್ಟೋಬರ್ 1996

ಹಾಲ್ವರ್,

ನಿನ್ನ ಕಾಗದ ಬುಧವಾರವೇ ಬಂದಿತ್ತು. ಫೋನ್ ಮಾಡಲು ಒಂದು ದಿನ ಪೂರ್ತಿ ಇತ್ತು. ಹೇಳು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಆಲೂಗೆಡ್ಡೆ ಸುಲಿದೆ, ಚರ್ಚಿನ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕಿದೆ. ಆಮೇಲೆ ಟಿವಿ ಹಾಕಿಕೊಂಡು ಕೂತೆ.

ನೀನು ತೆಳ್ಳಗಾಗಿದ್ದೀಯ. ಟೈ ಅಪ್ಪನ ಹಾಗೆಯೇ ಕಟ್ಟುತ್ತೀಯ, ಒಂದು ಪಕ್ಕಕ್ಕೆ.

ಚರ್ಚೆ ನಡೆಸುತ್ತಿದ್ದ ಹೆಂಗಸು ಪ್ರಶ್ನೆ ಕೇಳಿದಳು. ಗಂಡ ಸತ್ತ ಹೆಂಗಸೊಬ್ಬಳು, ಮನೆಯಲ್ಲಿ ಎರಡು ಸಣ್ಣ ಮಕ್ಕಳು, ನಿಮ್ಮ ಯೋಜನೆಯಲ್ಲಿ ಅವಳು ಹೇಗೆ ಬದುಕಬೇಕು ಎಂದು. ನೀನು "ನನ್ನಮ್ಮ..." ಎಂದೆ. ನಿಂತುಬಿಟ್ಟೆ. ನಾನು ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ನೀನು ಇನ್ನೊಮ್ಮೆ "ನನ್ನಮ್ಮ" ಎಂದೆ. ಪಕ್ಕದಲ್ಲಿದ್ದ ದಪ್ಪನೆಯವನು ನಕ್ಕ. "ಹೇಳಿ ಸರ್, ಸಮಯ ಹೋಗ್ತಿದೆ" ಎಂದಳು ಅವಳು. ನೀನು ನೀರು ಕುಡಿದೆ. ನಿನ್ನ ಸಮಯ ಮುಗಿಯಿತು, ಮುಂದಿನವನಿಗೆ ಹೋದರು.

ಅಮ್ಮನನ್ನು ಮರೆತ ಅಭ್ಯರ್ಥಿ ಎಂದು ಇಲ್ಲಿನ ಪತ್ರಿಕೆಯಲ್ಲಿ ಬಂದಿದೆ. ದಿನಸಿ ಅಂಗಡಿಯಲ್ಲಿ ಯಾರೋ ಓದಿ ನಗುತ್ತಿದ್ದರು. ನನ್ನನ್ನು ನೋಡಿ ಮಡಿಸಿಟ್ಟರು.

ನೀನು ಅಮ್ಮನ ಮಾನ ಕಾದೆಯೋ, ನಿನ್ನದನ್ನು ಕಾದುಕೊಂಡೆಯೋ, ಯೋಚಿಸಿದೆ. ಗೊತ್ತಾಗಲಿಲ್ಲ. ನಿನಗೂ ಗೊತ್ತಿರಲಾರದು. ಆದರೆ ಅವಳು ಮುಟ್ಟಲಿಲ್ಲ ಎಂದು ಮತ್ತೆ ಹೇಳಲಿಲ್ಲ. ಅಷ್ಟನ್ನು ನೋಡಿದೆ.

ಕಾಲು ಚಳಿಗೆ ನೋಯುತ್ತದೆ. ಮಿಸೆಸ್ ಗಾರ್ನೆಸ್ ಕೇಳಿದರೆ ಹೇಳು.

ಸಿಗ್ನಿ


ಓಸ್ಟ್ರಿಮ್
14 ನವೆಂಬರ್ 1996

ಅಕ್ಕ,

ಎಲ್ಲ ಮುಗಿಯಿತು. ನಮ್ಮೂರಿನಲ್ಲೇ ನನಗೆ ಬಿದ್ದದ್ದು ನಲವತ್ತೊಂದು ಓಟು. ಪಕ್ಷದವರು ಚರ್ಚೆಯ ಮಾರನೆಯ ದಿನದಿಂದಲೇ ಮಾತು ಬಿಟ್ಟಿದ್ದರು. ಒಬ್ಬನಂತೂ, "ಬಾಯಿಪಾಠ ಆಗಿದ್ದ ಕಥೇನೂ ಮರೆತ್ರಲ್ಲ ಸಾರ್" ಎಂದು ಮುಖದ ಮೇಲೇ ಹೇಳಿದ. ಮತಪೆಟ್ಟಿಗೆಯ ಹತ್ತಿರ ಹೋದವನು ನನ್ನ ಹೆಸರಿನ ಮುಂದೆ ಗುರುತು ಹಾಕಲಿಲ್ಲ. ಯಾರ ಹೆಸರಿನ ಮುಂದೆಯೂ ಹಾಕಲಿಲ್ಲ.

ಸೋಷಿಯಲ್ ಸೆಕ್ಯುರಿಟಿ ಇದೇ ದಾರಿಯಲ್ಲಿ ನಡೆಯಲಾರದು ಎಂದು ಈಗಲೂ ನನಗೆ ಅನ್ನಿಸುತ್ತದೆ. ಆ ಮಾತನ್ನು ಹೇಳಲು ಬೇರೆ ದಾರಿ ಇತ್ತು.

ಸಹಿ ಹಾಕಿದ ಹಾಳೆಗಳ ಕಟ್ಟು ಬಿಚ್ಚಿ ಲವೋನ್‌ಳ ವಿಳಾಸ ಹುಡುಕಿದೆ. ಅವಳಿಗೊಬ್ಬಳಿಗಾದರೂ ನಿಜ ಹೇಳಬೇಕು ಎಂದು ನಿನ್ನೆ ಕಾರು ಹತ್ತಿಕೊಂಡು ಹೋದೆ. ಮನೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯಾಕೆಗೆ ನಾನು ಯಾರೆಂದು ಗುರುತು ಸಿಗಲಿಲ್ಲ. ಬಾಗಿಲಲ್ಲೇ ನಿಲ್ಲಿಸಿಕೊಂಡು ಹೇಳಿದಳು:

"ಲವೋನ್ ಮನೆ ಮಾರಿ ಮೊಂಟಾನದಲ್ಲಿರೋ ಮಗಳ ಹತ್ರ ಹೋದ್ಲು. ಅಳಿಯಂಗೂ ಅವಳಿಗೂ ಆಗ್ಬರಲ್ಲ, ಆದ್ರೂ ಹೋದ್ಲು. ಪಿಂಚಣಿಗೆ ಅರ್ಜಿ ಹಾಕೇ ಅಂತ ನಾವೆಲ್ಲ ಬಡ್ಕೊಂಡ್ವಿ. ಯಾರೋ ಒಬ್ಬ ತಾಯಿ ಬರೀ ಹೊಲಿಗೆ ಮಾಡ್ಕೊಂಡು ಮಕ್ಕಳನ್ನ ಸಾಕಿದಾಳಂತೆ, ನಂಗೇನ್ ರೋಗ ಬಂದಿದೆ ಕೈ ಚಾಚೋಕೆ ಅಂದ್ಲು. ಕೇಳ್ಲೇ ಇಲ್ಲ."

ನಾನು ಯಾರೆಂದು ಹೇಳದೆ ವಿಳಾಸ ಬರೆಸಿಕೊಂಡು ಬಂದೆ. ಅವಳಿಗೆ ಏನೆಂದು ಬರೆಯಲಿ?

ಇನ್ನೊಂದು ಮಾತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಿನ್ನಲ್ಲಿಗೆ ಬರಲೇ? ಆರ್ವಿಡ್ ಭಾವನ ಸಮಾಧಿಯನ್ನೂ ನೋಡಿದ ಹಾಗಾಗುತ್ತದೆ. ಎದುರಿಗೆ ಕೂತು ನಿನ್ನ ಹತ್ತಿರ ಮಾತಾಡಬೇಕು.

ಹಾಲ್ವರ್


ಲಿಂಡ್‌ಹೋಮ್
20 ನವೆಂಬರ್ 1996

ಹಾಲ್ವರ್,

ಲವೋನ್‌ಗೆ ಇವತ್ತೇ ಬರಿ. ಅಮ್ಮನ ಹೆಸರು ಹಾಕಿಯೇ ಬರಿ, ಅಮ್ಮ ಎಷ್ಟು ವರ್ಷ ತೆಗೆದುಕೊಂಡಳು ಎಂಬುದನ್ನೂ ಬರಿ. ಅಮ್ಮನಿಗೆ ಮಾತು ಕೊಟ್ಟವಳು ನಾನು, ಆ ಮಾತನ್ನು ನಾನು ಮುರಿಯುತ್ತಿದ್ದೇನೆ. ಅರ್ಜಿ ಹಾಕಲು ಇನ್ನೂ ತಡವಾಗಿಲ್ಲ ಎಂದು ಹೇಳು. ನಿನ್ನನ್ನು ಕ್ಷಮಿಸೆಂದು ಆ ಕಾಗದದಲ್ಲಿ ಕೇಳಬೇಡ. ಅವಳಿಗೆ ಅದೂ ಒಂದು ಕೆಲಸವಾಗುತ್ತದೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಬರಬೇಡ.

ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಿನ್ನ ಮೇಲೆ ಈಗ ಕೋಪ ಉಳಿದಿಲ್ಲ, ಅದು ಸೆಪ್ಟೆಂಬರಿನಲ್ಲಿ ಇತ್ತು. ಹಬ್ಬದ ದಿನ ನಾನು ಚರ್ಚಿನ ನೆಲಮಾಳಿಗೆಯಲ್ಲಿ, ಒಂಟಿಯಾಗಿರುವವರಿಗೆ ಊಟ ಬಡಿಸಲು ಹೆಸರು ಕೊಟ್ಟಿದ್ದೇನೆ. ಈ ವರ್ಷ ನಾನೂ ಆ ಪಟ್ಟಿಯಲ್ಲಿ ಇದ್ದೇನೆ, ಬಡಿಸಿ ಆದ ಮೇಲೆ ಅಲ್ಲೇ ಕೂತು ಉಣ್ಣುತ್ತೇನೆ.

ನೀನು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ನಗುತ್ತಾ ಬಾಗಿಲು ತೆಗೆಯುತ್ತೇನೆ. ನಿನ್ನ ಕೋಟು ಇಸಕೊಂಡು ನೇತುಹಾಕುತ್ತೇನೆ. ಒಳ್ಳೆಯ ತುಂಡನ್ನು ನಿನ್ನ ತಟ್ಟೆಗೇ ಹಾಕುತ್ತೇನೆ. ನೀನು ಮಾತು ತೆಗೆದರೆ, ಹೋಗ್ಲಿ ಬಿಡು ಹಾಲ್ವರ್, ಆಗಿದ್ದಾಯ್ತು ಎನ್ನುತ್ತೇನೆ. ನೀನು ಹಗುರಾಗಿ ಮನೆಗೆ ಹೋಗುತ್ತೀಯ. ನಾನು ಪಾತ್ರೆ ತೊಳೆಯುತ್ತೇನೆ. ನನಗೆ ಹನ್ನೆರಡನೇ ವಯಸ್ಸಿನಿಂದ ಬರುವುದು ಅದೊಂದೇ, ನುಂಗಿಕೊಂಡು ನಗುವುದು. ನಿನ್ನನ್ನು ನೋಡಿದರೆ ಮತ್ತೆ ಅದನ್ನೇ ಮಾಡಿಬಿಡುತ್ತೇನೆ, ತಡೆದುಕೊಳ್ಳಲು ಆಗುವುದಿಲ್ಲ.

ಈ ಸಲ ಅದನ್ನು ಮಾಡಲು ನನಗೆ ಇಷ್ಟವಿಲ್ಲ. ಅದಕ್ಕೇ ಬರಬೇಡ ಎನ್ನುತ್ತಿದ್ದೇನೆ.

ನಿನ್ನ ಅಕ್ಕ,
ಸಿಗ್ನಿ